ಶುಭ ಶುಕ್ರವಾರದ ಏಳು ಮಾತಲ್ಲಿ ಒಂದು ನಿಮ್ಮ ಪಾಲಿಗೆ ಬಂದಿದ್ಯಾ? ಯೇಸುವಿನ ಬಾಧೆ, ವಿಧೇಯತೆ ಬಗ್ಗೆ ಮಾತಾಡೋದು ಹೇಗೆ

ಮುಂಬೈ, ಪುಣೆ, ವಾಸ್ಕೊ ಕಡೆ ನಮ್ಮ ಕನ್ನಡ ಸಭೆಗಳಲ್ಲಿ ಪ್ರತಿ ವರ್ಷ ಇದೇ ಕತೆ. ಪಾಮ್ ಸಂಡೆ ಹತ್ರ ಬರ್ತಿದ್ದ ಹಾಗೇ ಪಾಸ್ಟರ್ ವಾಟ್ಸಾಪ್ ಗ್ರೂಪಲ್ಲಿ ಲಿಸ್ಟ್ ಹಾಕ್ತಾರೆ, ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರ ತನಕ ಆರಾಧನೆ, ಯೇಸು ಶಿಲುಬೆ ಮೇಲಿಂದ ಆಡಿದ ಏಳು ಮಾತು, ಅದ್ರ ಮೇಲೆ ಮಾತಾಡಕ್ಕೆ ಏಳು ಜನ, ಅದ್ರಲ್ಲಿ ನಾಲ್ಕನೇದಕ್ಕೆ ನಿಮ್ಮ ಹೆಸರು. ಬೈಬಲ್ ಕಾಲೇಜ್ ಮುಖ ನೋಡಿಲ್ಲ, ಬೆಳಗ್ಗೆ ಕಲ್ಯಾಣ್ ಲೋಕಲ್ ಹಿಡಿದು ಹೋದ್ರೆ ವಾಪಸ್ ಬರೋದು ರಾತ್ರಿ ಒಂಬತ್ತಕ್ಕೆ, ಇದ್ರ ಮಧ್ಯೆ ಹನ್ನೆರಡು ಹದಿನೈದು ನಿಮಿಷ ಯೇಸುವಿನ ಬಾಧೆ ಬಗ್ಗೆ ಏನ್ ಹೇಳೋದು ಅಂತ ಯೂಟ್ಯೂಬ್ ಹುಡುಕಕ್ಕೆ ಕೂರ್ತೀರಿ. ಯೂಟ್ಯೂಬ್ ಆಮೇಲೆ ನೋಡಿ, ಮೊದ್ಲು ಇದನ್ನ ಓದಿ.

ಪೆನ್ನು ತಗೊಳ್ಳೋ ಮುಂಚೆ ಒಂದು ಪ್ರಶ್ನೆ ನಿಮ್ಮಲ್ಲೇ ಇತ್ಯರ್ಥ ಮಾಡ್ಕೊಳ್ಳಿ. ಯೇಸು ಸಿಕ್ಕಾಪಟ್ಟೆ ನೋವು ತಿಂದಿದ್ದಕ್ಕೆ ನಮಗೆ ರಕ್ಷಣೆ ಬಂತಾ, ಅಥವಾ ಅಷ್ಟು ನೋವಲ್ಲೂ ತಂದೆಯ ಮಾತು ಮೀರದೇ ಇದ್ದಿದ್ದಕ್ಕೆ ಬಂತಾ? ನೂರಕ್ಕೆ ತೊಂಬತ್ತು ಜನ ಮೊದಲನೇದನ್ನೇ ಹೇಳ್ತಾರೆ, ಅದನ್ನೇ ನಾವು ಚಿಕ್ಕಂದಿನಿಂದ ಕೇಳಿರೋದು. ಆದ್ರೆ ಯೋಹಾನ 19 ತೆಗೆದು ನಿಧಾನಕ್ಕೆ ಓದಿ. ಅವತ್ತು ಮೂರು ಶಿಲುಬೆ ಇತ್ತು. ಸಂಜೆ ಸೈನಿಕರು ಬಂದಾಗ ಆ ಇಬ್ಬರು ಕಳ್ಳರು ಇನ್ನೂ ಬದುಕಿದ್ರು, ಕಾಲು ಮುರಿದು ಸಾಯಿಸ್ಬೇಕಾಯ್ತು, ಯೇಸು ಆಗಲೇ ಪ್ರಾಣ ಬಿಟ್ಟಿದ್ರು. ಇಷ್ಟು ಬೇಗ ಸತ್ತುಹೋದನಾ ಅಂತ ತೀರ್ಪು ಕೊಟ್ಟ ರೋಮಿನ ಅಧಿಕಾರಿ ಪಿಲಾತನಿಗೇ ಆಶ್ಚರ್ಯ ಆಯ್ತು ಅಂತ ಮಾರ್ಕ 15:44 ಹೇಳುತ್ತೆ. ಅಂದ್ರೆ ಶಿಲುಬೆ ಮೇಲೆ ನೇತಾಡಿದ ಹೊತ್ತನ್ನ ಲೆಕ್ಕ ಹಾಕಿದ್ರೆ ಅಕ್ಕಪಕ್ಕದ ಕಳ್ಳರದ್ದೇ ಜಾಸ್ತಿ. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸ್ ದಂಗೆ ಮುರಿದ ಮೇಲೆ ರೋಮನ್ನರು ಸುಮಾರು 6000 ಗುಲಾಮರನ್ನ ರಸ್ತೆ ಉದ್ದಕ್ಕೂ ಶಿಲುಬೆಗೆ ಹಾಕಿದ್ರು, ಅವರ ನೋವೇನೂ ಕಮ್ಮಿ ಇರ್ಲಿಲ್ಲ. ನೋವಿನ ತೂಕದಿಂದ ಲೋಕ ಉಳಿಯೋದಾದ್ರೆ ಅಷ್ಟೊತ್ತಿಗೆ ಉಳಿದು ಹೋಗಿರ್ಬೇಕಿತ್ತು.

ಹಾಗಾದ್ರೆ ಏನ್ ಬೇರೆ? ಫಿಲಿಪ್ಪಿಯವರಿಗೆ 2:8 ನೋಡಿ, ಪೌಲ ಅಲ್ಲಿ ಮೊಳೆ, ಮುಳ್ಳು, ಚಾಟಿ ಯಾವ್ದನ್ನೂ ಹೇಳಲ್ಲ, ತನ್ನನ್ನ ತಗ್ಗಿಸಿಕೊಂಡು ಸಾಯೋವರೆಗೂ, ಅದೂ ಶಿಲುಬೆ ಸಾವಿನವರೆಗೂ ವಿಧೇಯನಾದ ಅಂತಾನೆ. ರೋಮಾಪುರದವರಿಗೆ 5:19 ಇನ್ನೂ ನೇರ, ಒಬ್ಬನ ಅವಿಧೇಯತೆಯಿಂದ ಅನೇಕರು ಪಾಪಿಗಳಾದ ಹಾಗೆ ಒಬ್ಬನ ವಿಧೇಯತೆಯಿಂದ ಅನೇಕರು ನೀತಿವಂತರಾಗ್ತಾರೆ. ಆದಾಮ ತೋಟದಲ್ಲಿ ಬೇಡ ಅಂದಿದ್ದನ್ನ ಮಾಡ್ದ, ಯೇಸು ತಮ್ಮನ್ನ ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ತನಗೆ ಬೇಡ ಅನ್ಸಿದ್ದನ್ನ ಒಪ್ಕೊಂಡ್ರು. ಬಾಧೆ ಮುಖ್ಯ ಅಲ್ಲ ಅಂತ ನಾನು ಹೇಳ್ತಿಲ್ಲ ಮತ್ತೆ, ರಕ್ತ ಸುರಿಸಿದ್ದು ನಿಜ, ಯೆಶಾಯ 53 ಪೂರ್ತಿ ಅದೇ ಇದೆ, ನಮ್ಮ ದ್ರೋಹಗಳಿಗೋಸ್ಕರ ಜಜ್ಜಿಸಿಕೊಂಡ್ರು ಅನ್ನೋದು ನಮ್ಮ ನಂಬಿಕೆಯ ನಡುಗಂಬ. ಆದ್ರೆ ಆ ಬಾಧೆಗೆ ಬೆಲೆ ಬಂದಿದ್ದು ಅದ್ರೊಳಗಿದ್ದ ವಿಧೇಯತೆಯಿಂದ, ಆ ವಿಧೇಯತೆ ಹುಟ್ಟಿದ್ದು ಪ್ರೀತಿಯಿಂದ. ಈ ಸರಣಿ ನಿಮ್ಮ ತಲೇಲಿ ಕೂತ್ರೆ ಏಳರಲ್ಲಿ ಯಾವ ಮಾತು ಕೊಟ್ರೂ ಮಾತಾಡ್ಬಹುದು.

ಜನ ಯಾಕೆ ನೋವಿನ ಹತ್ರಾನೇ ನಿಂತುಬಿಡ್ತಾರೆ ಅಂದ್ರೆ ನೋವು ಕಣ್ಣಿಗೆ ಕಾಣುತ್ತೆ. ಗೋವಾದಲ್ಲಿರೋ ನಮ್ಮವರು ಇದನ್ನ ಚೆನ್ನಾಗಿ ನೋಡಿರ್ತಾರೆ, ಲೆಂಟ್, ಅಂದ್ರೆ ಈಸ್ಟರ್ ಮುಂಚಿನ ಉಪವಾಸದ ದಿನಗಳು ಬಂತಂದ್ರೆ ಅಲ್ಲಿನ ಕ್ಯಾಥೋಲಿಕ್ ಊರುಗಳಲ್ಲಿ ಶಿಲುಬೆ ಹೊತ್ತ ಯೇಸುವಿನ ಆಳೆತ್ತರದ ಮೂರ್ತಿ ಇಟ್ಕೊಂಡು ಮೆರವಣಿಗೆ ಹೋಗುತ್ತೆ, ನೇರಳೆ ಬಟ್ಟೆ, ಹಣೆ ಮೇಲೆ ರಕ್ತದ ಗೆರೆ, ಬಗ್ಗಿದ ಮೊಣಕಾಲು. ಗೋವಾ ವೆಲ್ಹಾದಲ್ಲಿ ಲೆಂಟಿನ ಐದನೇ ಭಾನುವಾರ ಆದ ಸೋಮವಾರ ಸಂತರ ಮೂರ್ತಿಗಳ ದೊಡ್ಡ ಮೆರವಣಿಗೇನೇ ಇದೆ, ಪ್ರಾಟೆಸ್ಟೆಂಟ್ ಆಗಿದ್ರೂ ಒಂದ್ಸಲ ಹೋಗಿ ನಿಂತು ನೋಡಿ, ಸುಮ್ನೆ ಮೂಗು ಮುರೀಬೇಡಿ. ಆ ಮರ ಕೆತ್ತಿದವನ ಕೈ ದೊಡ್ಡದು, ಆದ್ರೆ ಅವನಿಗೂ ಗಾಯ ಕೆತ್ತಕ್ಕೆ ಬರುತ್ತೆ, ವಿಧೇಯತೆ ಕೆತ್ತಕ್ಕೆ ಬರಲ್ಲ. ಅದನ್ನ ಮಾತಲ್ಲೇ ಹೇಳ್ಬೇಕು, ನಿಮ್ಮನ್ನ ಕರೆದಿರೋದು ಆ ಕೆಲಸಕ್ಕೆ.

ಅದಕ್ಕೇ ಮೊದಲ ಕಟ್ಟುನಿಟ್ಟು, ಹತ್ತು ನಿಮಿಷ ಮೊಳೆ ವರ್ಣನೆ ಮಾಡ್ಬೇಡಿ. ಪ್ರತಿ ವರ್ಷ ಒಂದು ಫಾರ್ವರ್ಡ್ ಬರುತ್ತಲ್ಲ, ಶಿಲುಬೆ ಮೇಲೆ ಶ್ವಾಸಕೋಶಕ್ಕೆ ಏನಾಗುತ್ತೆ ಅಂತ ಯಾವುದೋ ಡಾಕ್ಟರ್ ಹೆಸರಲ್ಲಿ, ಅದನ್ನ ಓದಿ ಹೇಳೋರು ಪ್ರತಿ ಸಭೇಲೂ ಒಬ್ರು ಇರ್ತಾರೆ, ಅದು ನೀವಾಗ್ಬೇಡಿ. ನಾಲ್ಕು ಸುವಾರ್ತೆಗಳಲ್ಲಿ ಶಿಲುಬೆಗೆ ಹಾಕೋ ಭಾಗ ತಿರುವಿ ಹಾಕಿ, ಶಿಲುಬೆಗೆ ಹಾಕಿದರು ಅನ್ನೋದಷ್ಟೇ ಇರುತ್ತೆ, ಹೇಗೆ ಹೊಡೆದ್ರು, ಎಲ್ಲಿ ಹೊಡೆದ್ರು ಒಂದೂ ಇಲ್ಲ. ಓದೋರಿಗೆ ಗೊತ್ತಿತ್ತು, ಹೇಳೋ ಅಗತ್ಯ ಇರ್ಲಿಲ್ಲ. ನಮ್ಮ ಕಾಲದವರಿಗೆ ಇದು ಕಟ್ಟುಕತೆ ಅಲ್ಲ ಅಂತ ತೋರಿಸ್ಬೇಕು ಅನ್ಸಿದ್ರೆ ಒಂದೇ ಒಂದು ವಿಷಯ ಸಾಕು, 1968ರಲ್ಲಿ ಜೆರುಸಲೇಮಿನಲ್ಲಿ ಸಮಾಧಿ ಗುಹೆ ಅಗೆದಾಗ ಅದೇ ಕಾಲದ ಒಬ್ಬನ ಹಿಮ್ಮಡಿ ಮೂಳೆ ಸಿಕ್ತು, ಮೊಳೆ ಅದ್ರೊಳಗೇ ಇತ್ತು, ತುದಿ ಬಗ್ಗಿಹೋಗಿತ್ತು. ಹೇಳಿ, ಮುಂದಕ್ಕೆ ಹೋಗಿ.

ಈಗ ವಿಧೇಯತೆ. ಇದನ್ನ ಶುಕ್ರವಾರದಿಂದ ಶುರು ಮಾಡಿದ್ರೆ ತಪ್ಪಾಗುತ್ತೆ. ಲೂಕ 2:51ರಲ್ಲಿ ಹನ್ನೆರಡು ವರ್ಷದ ಹುಡುಗ ನಜರೇತಿಗೆ ವಾಪಸ್ ಹೋಗಿ ಅಪ್ಪ ಅಮ್ಮನ ಮಾತು ಕೇಳ್ಕೊಂಡಿದ್ದ ಅಂತ ಇದೆ, ಅದಾದ್ಮೇಲೆ ದೊಡ್ಡವರಾಗೋ ತನಕ ಸುವಾರ್ತೆಗಳಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ, ಬಡಗಿ ಕೆಲಸ ಅಷ್ಟೇ. ಯಾರೂ ನೋಡದ, ಯಾರೂ ಬರೆದಿಡದ ಆ ವರ್ಷಗಳೂ ವಿಧೇಯತೆನೇ. ಆಮೇಲೆ ಅಡವೀಲಿ 40 ದಿನ, ಮೂರು ಶೋಧನೆ, ಮೂರಕ್ಕೂ ಧರ್ಮೋಪದೇಶಕಾಂಡದಿಂದಲೇ ಉತ್ತರ. ಅಲ್ಲಿ ಸೈತಾನ ಕೊಡಕ್ಕೆ ಬಂದಿದ್ದು ಏನು ಹೇಳಿ? ಶಿಲುಬೆ ಇಲ್ಲದೇ ಲೋಕದ ರಾಜ್ಯ. ಶಾರ್ಟ್‌ಕಟ್. ಶಿಲುಬೆಗೆ ಹಾಕಿದ ಗೊಲ್ಗೊಥಾದಲ್ಲೂ ಜನ ಅದನ್ನೇ ಕೂಗಿದ್ರು, ದೇವರ ಮಗನಾಗಿದ್ರೆ ಕೆಳಗಿಳಿದು ಬಾ ಅಂತ. ಶುರೂಲೂ ಕೊನೇಲೂ ಒಂದೇ ಪ್ರಶ್ನೆ ಪತ್ರಿಕೆ.

ಗೆತ್ಸೇಮನೆ ಹತ್ರ ಮಾತ್ರ ಆತುರ ಮಾಡ್ಬೇಡಿ, ನಿಮ್ಮ ಮಾತಿನ ಕಾಲು ಭಾಗ ಇಲ್ಲಿಗೇ ಹೋದ್ರೂ ಪರ್ವಾಗಿಲ್ಲ. ಮತ್ತಾಯ 26ರಲ್ಲಿ ಯೇಸು ಒಂದೇ ಪ್ರಾರ್ಥನೆ ಮೂರು ಸಲ ಮಾಡ್ತಾರೆ. ಸಾಧ್ಯ ಆದ್ರೆ ಈ ಪಾತ್ರೆ ನನ್ನನ್ನ ಬಿಟ್ಟು ಹೋಗಲಿ. ಅಂದ್ರೆ ಬರಲಿದ್ದ ಆ ಬಾಧೆ ಅವರಿಗೆ ಬೇಡವಾಗಿತ್ತು. ಇದನ್ನ ಮುಚ್ಚಿಡೋಕೆ ನಮ್ಮವರು ತುಂಬ ಕಷ್ಟಪಡ್ತಾರೆ, ಅವರು ದೇವರು, ಭಯ ಎಲ್ಲಿಂದ ಬಂತು, ಸುಮ್ನೆ ನಮಗೆ ತೋರಿಸಕ್ಕೆ ಹಾಗೆ ಅಂದ್ರು ಅಂತ. ಇಲ್ಲ. ಇದೇ ವಾಕ್ಯದ ಮೇಲೆ ಏಳನೇ ಶತಮಾನದಲ್ಲಿ ದೊಡ್ಡ ಜಗಳ ಆಯ್ತು, ಕ್ರಿಸ್ತನಲ್ಲಿ ಇದ್ದಿದ್ದು ದೇವರ ಚಿತ್ತ ಒಂದೇನಾ ಅಥವಾ ನಮ್ಮ ಹಾಗೆ ಮನುಷ್ಯ ಚಿತ್ತಾನೂ ಇತ್ತಾ ಅಂತ. ಮ್ಯಾಕ್ಸಿಮಸ್ ಅನ್ನೋ ಸನ್ಯಾಸಿ ಮನುಷ್ಯ ಚಿತ್ತ ನಿಜವಾಗ್ಲೂ ಇತ್ತು ಅಂತ ಹಠ ಹಿಡಿದ, ಚಕ್ರವರ್ತಿ ಕಡೆಯವರು ಅವನ ನಾಲಿಗೆ, ಬಲಗೈ ಕತ್ತರಿಸಿ ಗಡೀಪಾರು ಮಾಡಿದ್ರು, 662ರಲ್ಲಿ ಅಲ್ಲೇ ಸತ್ತ. ಅದಾಗಿ ಇಪ್ಪತ್ತು ವರ್ಷದೊಳಗೆ, 680-81ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನು ಹೇಳಿದ್ದೇ ಸರಿ ಅಂತು. ಇದು ಯಾಕೆ ಮುಖ್ಯ ಅಂದ್ರೆ, ಬೇಡ ಅನ್ನೋ ಮನಸ್ಸು ಇಲ್ಲದವನು ಹೂಂ ಅಂದ್ರೆ ಅದ್ರಲ್ಲಿ ವಿಧೇಯತೆ ಏನ್ ಬಂತು? ಬೇಡ ಅನ್ಸಿದ ಮನಸ್ಸನ್ನೇ ತಂದೆ ಕೈಗೆ ಕೊಟ್ರು, ಅದಕ್ಕೇ ಅದು ನಮಗೋಸ್ಕರ ಆಯ್ತು. ಆಪರೇಷನ್ ಹಿಂದಿನ ರಾತ್ರಿ ಭಯಪಟ್ಟು ಅಳೋ ವಿಶ್ವಾಸಿಗೆ ಇದೆಷ್ಟು ಸಮಾಧಾನ ನೋಡಿ, ಭಯಪಟ್ಟಿದ್ದು ಅವಿಶ್ವಾಸ ಅಲ್ಲ.

ಇಬ್ರಿಯರಿಗೆ 5:7-8 ಇಲ್ಲೇ ಸೇರಿಸ್ಕೊಳ್ಳಿ. ಕಣ್ಣೀರು ಹಾಕ್ತಾ ಗಟ್ಟಿಯಾಗಿ ಕೂಗಿ ಪ್ರಾರ್ಥಿಸಿದ್ರು, ಮಗನಾಗಿದ್ರೂ ತಾವು ಪಟ್ಟ ಬಾಧೆಗಳಿಂದಲೇ ವಿಧೇಯತೆ ಕಲಿತ್ರು ಅಂತ ಇದೆ. ಕಲಿತ್ರು ಅಂದ್ರೆ ಮುಂಚೆ ಅವಿಧೇಯರಾಗಿದ್ರಾ ಅಂತ ಯುವಕರ ಕೂಟದಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ. ಹಾಗಲ್ಲ, ತಪ್ಪು ಮಾಡದೇನೂ ಕಲಿಯೋದು ಇರುತ್ತೆ, ಮಾತು ಕೇಳೋದಕ್ಕೆ ಎಷ್ಟು ಬೆಲೆ ತೆರಬೇಕು ಅನ್ನೋದು ಕೊಟ್ಟಾಗಷ್ಟೇ ಗೊತ್ತಾಗೋದು. ಅಷ್ಟು ಹೇಳಿ.

ಪ್ರಾಟೆಸ್ಟೆಂಟ್ ದೇವಶಾಸ್ತ್ರದಲ್ಲಿ ಇದನ್ನ ಎರಡು ಭಾಗ ಮಾಡಿ ಹೇಳ್ತಾರೆ, ಒಂದು ನಮ್ಮ ಪಾಪದ ಶಿಕ್ಷೆ ಹೊತ್ಕೊಂಡಿದ್ದು, ಇನ್ನೊಂದು ನಾವು ನಡೀಬೇಕಿದ್ದ ಹಾಗೆ ನಮ್ಮ ಬದಲು ನಡೆದು ತೋರಿಸಿದ್ದು. ಬ್ಯಾಂಕ್ ಸಾಲ ಯಾರೋ ತೀರಿಸಿದ್ರೆ ಅಕೌಂಟ್ ಸೊನ್ನೆಗೆ ಬರುತ್ತೆ ಅಷ್ಟೇ, ಅದ್ರಲ್ಲಿ ದುಡ್ಡು ಇರಲ್ಲ, ಯೇಸುವಿನ ಜೀವಮಾನದ ವಿಧೇಯತೆ ಆ ಖಾಲಿ ಅಕೌಂಟ್ ತುಂಬ್ತು ಅನ್ನೋದು ಅವರ ಮಾತು. ಅಮೆರಿಕದ ಗ್ರೆಶಮ್ ಮೇಚನ್ ಅಂತ ಒಬ್ಬ ದೇವಶಾಸ್ತ್ರಿ ಇದ್ರು, 1937 ಜನವರಿ 1ರಂದು ನ್ಯುಮೋನಿಯಾದಿಂದ ತೀರಿಕೊಂಡ್ರು, ಸಾಯೋ ಮುಂಚೆ ಸ್ನೇಹಿತರೊಬ್ಬರಿಗೆ ಕಳಿಸಿದ ಟೆಲಿಗ್ರಾಮಲ್ಲಿ ಬರೆದಿದ್ದೇ ಇದು, ಕ್ರಿಸ್ತನ ಈ ವಿಧೇಯತೆಗೆ ತುಂಬ ಕೃತಜ್ಞ, ಅದಿಲ್ಲದಿದ್ರೆ ನಿರೀಕ್ಷೆನೇ ಇಲ್ಲ ಅಂತ. ಸಾಯೋ ಮಂಚದಿಂದ ಕಳಿಸಿದ ಆ ಮಾತಲ್ಲಿ ತಾನು ಕಟ್ಟಿದ ಸೆಮಿನರಿ, ಬರೆದ ಪುಸ್ತಕ ಯಾವ್ದೂ ಇರ್ಲಿಲ್ಲ ನೋಡಿ. ನಮ್ಮ ಹಿರಿಯರಿಗೆ, ಅದ್ರಲ್ಲೂ ನಾನು ಸರಿಯಾಗಿ ಬದುಕ್ಲಿಲ್ಲ ಅಂತ ಕೊರಗೋರಿಗೆ, ಇದನ್ನ ಹೇಳಿ.

ಇನ್ನು ಏಳು ಮಾತು. ಒಂದೇ ಸುವಾರ್ತೇಲಿ ಏಳೂ ಸಿಗಲ್ಲ, ಲೂಕನಲ್ಲಿ ಮೂರು, ಯೋಹಾನನಲ್ಲಿ ಮೂರು, ಮತ್ತಾಯ ಮಾರ್ಕ ಇಬ್ಬರಲ್ಲೂ ಒಂದೇ ಒಂದು. ಮೂರು ಗಂಟೆ ಆರಾಧನೆ ಕೂಡ ಅಪೊಸ್ತಲರ ಕಾಲದ್ದೇನಲ್ಲ, 17ನೇ ಶತಮಾನದಲ್ಲಿ ದಕ್ಷಿಣ ಅಮೆರಿಕದ ಲಿಮಾದಲ್ಲಿ ಒಬ್ಬ ಜೆಸ್ವಿಟ್ ಪಾದ್ರಿ ಶುರು ಮಾಡಿದ್ದು ಎಲ್ಲಾ ಕಡೆ ಹರಡ್ತು. ನಿಮಗೆ ಯಾವ ಮಾತು ಬಂದಿದ್ಯೋ ಅದ್ರಲ್ಲಿ ಒಂದೇ ಪ್ರಶ್ನೆ ಕೇಳಿ, ಇಲ್ಲಿ ಯೇಸು ಯಾವ ಮಾತಿಗೆ ವಿಧೇಯರಾಗ್ತಿದಾರೆ ಅಂತ.

ಮೊದಲನೇದು, ಇವರನ್ನ ಕ್ಷಮಿಸು. ವೈರಿಗಳನ್ನ ಪ್ರೀತಿಸಿ ಅಂತ ಬೆಟ್ಟದ ಮೇಲೆ ಹೇಳಿದ್ದನ್ನ ಶಿಲುಬೆ ಮೇಲೆ ತಾವೇ ಮಾಡ್ತಿದಾರೆ. ಎರಡನೇದು ಪಕ್ಕದ ಕಳ್ಳನಿಗೆ ಕೊಟ್ಟ ಮಾತು, ಇವತ್ತೇ ನನ್ನ ಜೊತೆ ಪರದೈಸಲ್ಲಿರ್ತೀಯ ಅಂತ, ಇದು ಸುಲಭ, ಯಾರ್ ಬೇಕಾದ್ರೂ ಮಾತಾಡ್ತಾರೆ. ಮೂರನೇದು ತಾಯಿಗೆ, ಅಮ್ಮ ಇಗೋ ನಿನ್ನ ಮಗ ಅಂತ ಶಿಷ್ಯನನ್ನ ತೋರಿಸೋದು. ಇದನ್ನ ಬರೀ ಕಣ್ಣೀರಿನ ದೃಶ್ಯ ಮಾಡಿ ಬಿಡ್ತಾರೆ ನಮ್ಮವರು, ಆದ್ರೆ ಹತ್ತು ಆಜ್ಞೆಗಳಲ್ಲಿ ಐದನೇದು ಏನು? ತಂದೆ ತಾಯಿಯನ್ನ ಸನ್ಮಾನಿಸು. ಉಸಿರಾಡಕ್ಕೂ ಆಗದ ಹೊತ್ತಲ್ಲಿ ಅಮ್ಮನ ಊಟ, ವಾಸ, ಮುಂದಿನ ದಿನಗಳ ವ್ಯವಸ್ಥೆ ಮಾಡ್ತಿದಾರೆ ಆ ಹಿರೇಮಗ, ಆ ಶಿಷ್ಯ ಅವತ್ತಿಂದಲೇ ಅವಳನ್ನ ಮನೆಗೆ ಕರ್ಕೊಂಡ ಅಂತಾನೂ ಇದೆ. ಲೋಕ ರಕ್ಷಣೆ ಕೆಲಸ ನಡೀತಿದೆ, ಅಮ್ಮನ ವಿಷಯ ಆಮೇಲೆ ನೋಡೋಣ ಅನ್ಲಿಲ್ಲ. ಬೀದರ್, ಕಲಬುರಗಿ, ಗದಗ ಕಡೆ ಹಳ್ಳೀಲಿ ವಯಸ್ಸಾದ ಅವ್ವನ್ನ ಬಿಟ್ಟು ಇಲ್ಲಿ ಸೇವೆ, ಕೂಟ, ಉಪವಾಸ ಪ್ರಾರ್ಥನೆ ಅಂತ ಓಡಾಡೋರು ಎದುರಿಗೇ ಕೂತಿರ್ತಾರೆ, ಮೂರನೇ ಮಾತು ಸಿಕ್ಕೋರು ಇದನ್ನ ಮೆತ್ತಗೆ ಹೇಳಿದ್ರೂ ಸಾಕು, ತಟ್ಟೋರಿಗೆ ತಟ್ಟುತ್ತೆ.

ನಾಲ್ಕನೇದು ಕಷ್ಟದ್ದು, ಅದಕ್ಕೇ ಎಲ್ರೂ ತಪ್ಪಿಸ್ಕೊಳ್ತಾರೆ. ನನ್ನ ದೇವರೇ ನನ್ನ ದೇವರೇ ಯಾಕೆ ನನ್ನ ಕೈಬಿಟ್ಟೆ. ಇದು ಕೀರ್ತನೆ 22ರ ಮೊದಲ ಸಾಲು. ಆ ಕೀರ್ತನೆ ಕೊನೆಗೆ ಸ್ತೋತ್ರಕ್ಕೆ ಬರುತ್ತೆ, ಹಾಗಾಗಿ ಯೇಸು ನಿಜವಾಗಿ ಕೈಬಿಟ್ಟ ಅನ್ಲಿಲ್ಲ, ಸುಮ್ನೆ ಕೀರ್ತನೆ ಹೇಳ್ಕೊಂಡ್ರು ಅಂತ ಕೆಲವರು ಸರಾಗ ಮಾಡಿಬಿಡ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಮೊದಲ ಸಾಲು ಕೂಗಿದ್ರು, ಅದನ್ನ ಮೊದಲ ಸಾಲಾಗೇ ಕೇಳಿಸ್ಕೊಳ್ಳಿ. ಉತ್ತರ ಬರ್ಲಿಲ್ಲ, ಮಧ್ಯಾಹ್ನದಿಂದ ಮೂರರ ತನಕ ಕತ್ತಲೆ. ಆದ್ರೂ ಕೂಗಿದ್ದು ಯಾರನ್ನ? ನನ್ನ ದೇವರೇ ಅಂತಾನೇ. ತಂದೆ ಮುಖ ಕಾಣದಾಗಲೂ ಆ ನನ್ನ ಅನ್ನೋದನ್ನ ಬಿಡ್ಲಿಲ್ಲ, ವಿಧೇಯತೆಯ ತುತ್ತತುದಿ ಇದು. ಪ್ರಾರ್ಥನೆ ಮಾಡಿ ಮಾಡಿ ಸಾಕಾಗಿ ನಿಲ್ಲಿಸಿದವರು, ಮಗು ಕಳ್ಕೊಂಡವರು ಸಭೇಲಿ ಇರ್ತಾರೆ, ಅವರಿಗೆ ಕಾರಣ ವಿವರಿಸಕ್ಕೆ ಹೋಗ್ಬೇಡಿ, ಯಾಕೆ ಅಂತ ಕೇಳಿದ್ದು ಪಾಪ ಅಲ್ಲ, ಯೇಸುನೂ ಕೇಳಿದ್ರು ಅನ್ನಿ, ನಿಲ್ಲಿಸಿ.

ಐದನೇದು, ನನಗೆ ಬಾಯಾರಿಕೆ. ಇದಕ್ಕೆ ಒಂದು ಸಣ್ಣ ವಿಷಯ, ಮಾರ್ಕ 15:23ರಲ್ಲಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ರೆ ಯೇಸು ತಗೊಳ್ಳಲ್ಲ, ಅದು ಪ್ರಜ್ಞೆ ಮಂಕು ಮಾಡೋದು ಅಂತ ವ್ಯಾಖ್ಯಾನ ಮಾಡ್ತಾರೆ. ಕೊನೇಲಿ ನನಗೆ ಬಾಯಾರಿಕೆ ಅಂದು ಹುಳಿರಸ ತಗೊಳ್ತಾರೆ. ಎಚ್ಚರ ತಪ್ಪಿಸೋದನ್ನ ಬೇಡ ಅಂದ್ರು, ಬಾಯಾರಿಕೆ ಇಲ್ಲ ಅಂತ ನಟಿಸ್ಲಿಲ್ಲ. ಆರು, ಏಳು ಎರಡೂ ಮುಗಿಸೋ ಮಾತು, ತೀರಿತು, ತಂದೆ ಕೈಗೆ ಒಪ್ಪಿಸ್ತೀನಿ. ಯೋಹಾನ 10:18 ಜೊತೇಲಿ ಓದಿ, ನನ್ನ ಪ್ರಾಣ ಯಾರೂ ಕಿತ್ಕೊಳ್ಳಲ್ಲ, ನಾನೇ ಕೊಡ್ತೀನಿ.

ಈಗ ಎಲ್ಲಕ್ಕಿಂತ ಹುಷಾರಾಗಿರ್ಬೇಕಾದ ಜಾಗ. ಬಾಧೆ, ವಿಧೇಯತೆ ಈ ಎರಡು ಮಾತು ಮೈಕಲ್ಲಿ ಹೇಳ್ತಿದ್ದ ಹಾಗೇ ಹಿಂದಿನ ಬೆಂಚಲ್ಲಿ ಸೆರಗು ಮುಚ್ಕೊಂಡು ಕೂತ ಒಬ್ಬ ಅಕ್ಕ ಅದನ್ನ ಬೇರೆ ಥರ ಕೇಳಿಸ್ಕೊಳ್ತಿರ್ತಾಳೆ. ಕುಡಿದು ಹೊಡೆಯೋ ಗಂಡನ್ನ ಸಹಿಸ್ಕೊ, ಯೇಸುನೂ ಸಹಿಸಿದ್ರು, ಅದೇ ನಿನ್ನ ಶಿಲುಬೆ ಅಂತ ಅವಳಿಗೆ ಯಾರೋ 1 ಪೇತ್ರ 2ನೇ ಅಧ್ಯಾಯ ತೋರಿಸಿ ಆಗಲೇ ಹೇಳಿರ್ತಾರೆ. ಯೇಸು ವಿಧೇಯರಾಗಿದ್ದು ತಂದೆಗೆ, ಹೊಡೆಯೋರಿಗಲ್ಲ. ನಜರೇತಿನವರು ಗುಡ್ಡದಿಂದ ತಳ್ಳಕ್ಕೆ ಬಂದಾಗ ನಡುವಿಂದ ಹೊರಟುಹೋದ್ರು (ಲೂಕ 4:30), ಮಹಾಯಾಜಕನ ಎದುರು ಕೆನ್ನೆಗೆ ಹೊಡೆದವನಿಗೆ ಯಾಕೆ ಹೊಡೀತೀಯ ಅಂತ ಕೇಳಿದ್ರು (ಯೋಹಾನ 18:23), ಹೆರೋದ ಎಷ್ಟು ಪ್ರಶ್ನೆ ಹಾಕಿದ್ರೂ ಬಾಯಿ ಬಿಡ್ಲಿಲ್ಲ. ಪೌಲನೂ ಚಾಟಿ ಏಟಿಗೆ ಕಟ್ಟಿದಾಗ ನಾನು ರೋಮ್ ಪ್ರಜೆ ಅಂತ ಕಾನೂನು ಎತ್ತಿದ. ಇದನ್ನ ಒಂದು ನಿಮಿಷ ಆದ್ರೂ ಬಾಯಿಬಿಟ್ಟು ಹೇಳಿ, ಹೊಡೆತ ತಿನ್ನೋದು ವಿಧೇಯತೆ ಅಲ್ಲ, ಮನೆ ಬಿಟ್ಟು ಬಂದ್ರೆ ದೇವರ ವಿರುದ್ಧ ಹೋದ ಹಾಗಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ, 112 ತುರ್ತಿಗೆ. ಪುಲ್ಪಿಟ್‌ನಿಂದ ಫೋನ್ ನಂಬರ್ ಹೇಳೋದಾ ಅಂತ ಹಿರಿಯರು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ.

ಹಾಗಾದ್ರೆ ವಿಶ್ವಾಸಿ ಪಾಲಿನ ಬಾಧೆ ಯಾವ್ದು? ವಿಧೇಯನಾಗಿದ್ದಕ್ಕೆ ಬರೋದು. ಪಿಂಪ್ರಿ ಕಡೆ ಸೈಟಲ್ಲಿ ಸೂಪರ್‌ವೈಸರ್ ಆಗಿರೋ ಒಬ್ಬನ್ನ ಯೋಚಿಸಿ, ಲಾರೀಲಿ 180 ಬ್ಯಾಗ್ ಸಿಮೆಂಟ್ ಇಳಿದಿದೆ, ರಿಜಿಸ್ಟರಲ್ಲಿ 200 ಬರಿ, ಚಲನ್‌ಗೆ ಸಹಿ ಹಾಕು ಅಂತಾನೆ ಕಾಂಟ್ರಾಕ್ಟರ್, ಇವನು 180 ಅಂತಾನೇ ಬರೀತಾನೆ, ಮುಂದಿನ ತಿಂಗಳಿಂದ ಓವರ್‌ಟೈಮ್ ಕಟ್, ಆಮೇಲೆ ಊರಾಚೆ ಸೈಟಿಗೆ ಟ್ರಾನ್ಸ್‌ಫರ್, ಮನೇಲಿ ಹೆಂಡತಿಗೂ ಸಿಟ್ಟು. ಇದು ಕ್ರಿಸ್ತನ ಬಾಧೇಲಿ ಪಾಲು. ಗಾಡಿ ಓಡಿಸೋವಾಗ ಸಿಗ್ನಲ್ ಜಂಪ್ ಮಾಡಿ ಫೈನ್ ಕಟ್ಟಿದ್ದು ಬಾಧೆ ಅಲ್ಲ, ಅದನ್ನೂ ಸಾಕ್ಷಿ ಹೇಳೋರಿದಾರೆ ಬಿಡಿ. ಕಾಯಿಲೆ, ಸಾವು, ಕೆಲಸ ಹೋಗೋದು ಇವು ಬೇರೆ, ಅವನ್ನ ದೇವರ ಶಿಕ್ಷೆ ಅನ್ಬೇಡಿ. ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಜನ ಬೇರೆಯವರಿಗಿಂತ ದೊಡ್ಡ ಪಾಪಿಗಳಾ ಅಂತ ಯೇಸುನೇ ಕೇಳಿ ಅಲ್ಲ ಅಂದ್ರು, ಲೂಕ 13. ನಾವೂ ನೋವು ತಿಂದು ಪಾಪ ತೀರಿಸ್ತೀವಿ ಅನ್ನೋದೂ ಬೇಡ, ಇಬ್ರಿಯರಿಗೆ 10 ಒಂದೇ ಸಾರಿ ಸಾಕಾಯ್ತು ಅನ್ನುತ್ತೆ.

ಇನ್ನೊಂದು, ಯೆಹೂದ್ಯರು ಯೇಸುವನ್ನ ಕೊಂದ್ರು ಅಂತ ಒಂದು ಜನಾಂಗದ ಮೇಲೆ ಹೊರಿಸ್ಬೇಡಿ. ಯೇಸು, ತಾಯಿ, ಶಿಷ್ಯರು ಎಲ್ರೂ ಯೆಹೂದ್ಯರೇ. ತೀರ್ಪು ಕೊಟ್ಟಿದ್ದು ರೋಮಿನ ಅಧಿಕಾರಿ, ವಿಶ್ವಾಸ ಪ್ರಮಾಣದಲ್ಲೂ ಪೊಂತ್ಯ ಪಿಲಾತನ ಹೆಸರೇ ಇರೋದು, 1961ರಲ್ಲಿ ಕೈಸರೈಯದಲ್ಲಿ ಅವನ ಹೆಸರು ಕೊರೆದ ಕಲ್ಲೂ ಸಿಕ್ಕಿದೆ.

ತಯಾರಿ ವಿಷಯಕ್ಕೆ ಬಂದ್ರೆ, ಒಂದು ಮಾತು, ಒಂದು ಹಳೇ ಒಡಂಬಡಿಕೆ ವಾಕ್ಯ, ಒಂದು ಉದಾಹರಣೆ, ಅಷ್ಟಕ್ಕೇ ನಿಲ್ಲಿ. ಬೇರೆ ಆರು ಜನರ ವಾಕ್ಯಕ್ಕೆ ಕೈ ಹಾಕ್ಬೇಡಿ, ನಾಲ್ಕನೇದು ಸಿಕ್ಕವರು ಪುನರುತ್ಥಾನದ ತನಕ ಓಡಿಹೋದ್ರೆ ಆಮೇಲೆ ಬರೋರು ಏನ್ ಹೇಳ್ಬೇಕು, ಭಾನುವಾರ ಇದೆ ಅದಕ್ಕೆ. ಮನೇಲಿ ಒಂದ್ಸಲ ಗಟ್ಟಿಯಾಗಿ ಓದಿ ಮೊಬೈಲಲ್ಲಿ ಟೈಮ್ ನೋಡಿ, ಹದಿನೈದು ದಾಟಿದ್ರೆ ಮೊಳೆ ವರ್ಣನೆ ಎಲ್ಲೋ ನುಸುಳಿದೆ ಅಂತ ಅರ್ಥ, ಅದನ್ನೇ ಮೊದ್ಲು ಕತ್ತರಿಸಿ. ವಾಕ್ಯದ ನಂಬರ್ ನಿಧಾನವಾಗಿ ಎರಡು ಸಲ ಹೇಳಿ, ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಕೇಳಕ್ಕೆ ಬರುತ್ತೆ, ಓದಕ್ಕೆ ಬರಲ್ಲ, ಅವರು ಫೋನಲ್ಲಿ ಮರಾಠಿ ಇಲ್ಲ ಇಂಗ್ಲಿಷ್ ಬೈಬಲ್ ತೆಗೆದು ಹುಡುಕ್ತಿರ್ತಾರೆ, ಸಿಗೋ ತನಕ ಕಾಯಿರಿ.